ಬೀಸುಕಲ್ಲಿನ ಹಾಡು ಹಾಲ್‌ಗೆ ಹೋದದ್ದು

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಮೊಮ್ಮಗಳು ಕೊಟ್ಟ ಮಾತು ಮುರಿದಳು. ಅದನ್ನೇ ಬರೆಯುತ್ತೇನೆ.

ಗಂಡ ತೀರಿಕೊಂಡ ಮೇಲೆ, ತೊಂಬತ್ತರ ದಶಕದಲ್ಲಿ, ಮಗ ನನ್ನನ್ನು ಧಾರವಾಡದ ಕಡೆಯಿಂದ ಲಂಡನ್ನಿನ ಅಂಚಿನ ಸಟನ್‌ಗೆ ಕರೆತಂದ. ಅವನು ಇಲ್ಲಿ ಮಕ್ಕಳ ಡಾಕ್ಟರ್. ಯಾಕೆ ಡಾಕ್ಟರ್ ಆದೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವನಿಗಿಂತ ಮೊದಲು ನನಗೊಂದು ಹೆಣ್ಣು ಕೂಸು ಹುಟ್ಟಿ, ಒಂಬತ್ತು ತಿಂಗಳಿಗೆ ಜ್ವರ ಬಂದು ಸತ್ತಿತ್ತು. "ಸುತ್ತ ಹತ್ತು ಹಳ್ಳಿಯೊಳಗ ಒಬ್ಬ ಡಾಕ್ಟರ್ ಇರಲಿಲ್ಲ. ಅದಕ್ಕ ಅಪ್ಪ ನನ್ನ ಡಾಕ್ಟರ್ ಮಾಡಿದ್ರು" ಎನ್ನುತ್ತಿದ್ದ. ಹಾಗೆಂದು ಹೇಳಿಕೊಟ್ಟವನು ಅವನ ಅಪ್ಪನೇ. ನಾನು ಚಹಾ ಸೋಸುತ್ತಿದ್ದೆ.

ಮೊಮ್ಮಗಳು ಶಾಲೆಯಲ್ಲಿ ಪಿಟೀಲು ಕಲಿತಳು. ಕಾಲೇಜು ಸೇರಿ ಮೂವರು ಇಂಗ್ಲಿಷ್ ಹುಡುಗರ ಜೊತೆ ಬ್ಯಾಂಡ್ ಕಟ್ಟಿದಳು. ಅವರು ಹಾಡುವುದು ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಹಿಂದೆ ಹಾಡುತ್ತಿದ್ದ ಹಾಡುಗಳನ್ನಂತೆ, ಈಗ ಯಾರೂ ಹಾಡುವುದಿಲ್ಲವಂತೆ. ಒಬ್ಬ ಬ್ಯಾಂಜೊ, ಒಬ್ಬ ಗಿಟಾರು, ಇನ್ನೊಬ್ಬ ಹಲಗೆಯ ಮೇಲೆ ನಿಂತು ಕಾಲು ಕುಟ್ಟುವುದು. ಭಾನುವಾರ ನಮ್ಮ ಮನೆಯಲ್ಲೇ ಪ್ರ್ಯಾಕ್ಟೀಸು. ಒಂದೇ ಧಾಟಿಯನ್ನು ಇಪ್ಪತ್ತು ಸಲ ತಿರುಗಿಸುತ್ತಿದ್ದರು. ಸೊಸೆಗೆ ತಲೆನೋವು, ನನಗೆ ಹಿಡಿಸಿತು. ಬೀಸುಕಲ್ಲೂ ಹಾಗೇ ತಿರುಗುತ್ತದೆ. ಜೋಳ ಮುಗಿಯುವ ತನಕ ಹಾಡು ಮುಗಿಯುವಂತಿಲ್ಲ.

ಒಂದು ಭಾನುವಾರ ಮೆಂತ್ಯ ಸೊಪ್ಪು ಬಿಡಿಸುತ್ತ ಅವರ ಧಾಟಿಗೆ ನನ್ನ ಹಾಡು ಹಚ್ಚಿದೆ. ಬಾಜಾ ನಿಂತಿತು.

"ಆಯಿ, ಯಾವ ಹಾಡಿದು? ಒನ್ಸ್ ಮೋರ್!"

"ಬೀಸೋ ಹಾಡು. ನಾನ ಕಟ್ಟಿದ್ದು. ನಿಮ್ಮ ಡಬಡಬ ನೀವು ಬಡ್ಕೋರಿ."

ಅವಳು ಬಿಡಲಿಲ್ಲ. ಕಲಿಸಿದೆ, ಅದರೊಳಗೆ ಏನಿದೆ ಎಂದೂ ಹೇಳಿದೆ. ಬೀಸುವಾಗ ಕಲ್ಲಿಗೆ ಇಬ್ಬರು ಹೆಂಗಸರು ಎದುರುಬದುರು ಕೂರುತ್ತೇವೆ, ಗಂಡಸರು ಆ ಕಡೆ ಸುಳಿಯುವುದಿಲ್ಲ. ಅತ್ತೆಯನ್ನು ಬೈಯುವುದು, ಗಂಡನನ್ನು ಬೈಯುವುದು ಎಲ್ಲ ಅಲ್ಲೇ. ಅಲ್ಲಿ ಹಾಡಿದ್ದನ್ನು ಅಲ್ಲೇ ಬಿಟ್ಟು ಏಳಬೇಕು. ಈ ಹಾಡನ್ನು ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಎದುರು ಕೂತು ಕೇಳಿದ್ದಳು. ಸಾಯುವ ತನಕ ಒಬ್ಬರ ಮುಂದೂ ಆಡಲಿಲ್ಲ.

"ನಿಮ್ಮಪ್ಪನ ಕಿವಿಗೆ ಬೀಳಬಾರದು ನೋಡು," ಅಂದೆ.

"ಆಯಿ, ನಾವು ಹಾಡೋದು ಪಬ್‌ನಾಗ. ಅಲ್ಲಿ ಕನ್ನಡ ಯಾರಿಗೆ ಬರ್ತದ? ನಮ್ಮ ಮಂದಿ ಮುಂದ ಹಾಡಂಗಿಲ್ಲ. ಪ್ರಾಮಿಸ್."

ಇಂಗ್ಲಿಷರು ಕೇಳಿದರೆ ಕೇಳಲಿ, ಗೋಡೆಗೆ ಹೇಳಿದಂತೆ ಎಂದು ಒಪ್ಪಿದೆ. ಎರಡು ವರ್ಷ ಪಬ್ಬುಗಳಲ್ಲಿ ಹಾಡಿದರು. ಏನೂ ಆಗಲಿಲ್ಲ.

ಆಮೇಲೆ ಟೂಟಿಂಗ್‌ನ ಒಂದು ಹಾಲ್‌ನಲ್ಲಿ ಕನ್ನಡದವರ ಯುಗಾದಿ ಬಂತು. ಇವರ ಬ್ಯಾಂಡನ್ನೂ ಕರೆದಿದ್ದರು. ಅಮೆರಿಕದ್ದು ಹಾಡುತ್ತಾರೆಂದು ಇಳಕಲ್ ಸೀರೆ ಉಟ್ಟು ಹೋದೆ. ಮುಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ಮಗ. ಮೊಮ್ಮಗಳು ಮೈಕ್ ಹಿಡಿದು, ಇದು ನನ್ನ ಅಜ್ಜಿ ಬೀಸುತ್ತ ಕಟ್ಟಿದ ಹಾಡು, ಅವರ ಮೊದಲ ಕೂಸಿನ ಮೇಲೆ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ಏಳಬೇಕೆನ್ನುವಷ್ಟರಲ್ಲಿ ಹಾಡು ಶುರುವಾಯಿತು.

ಅಂಗಳದಾಗ ಬಂಡಿ, ಕೊಟ್ಟಿಗ್ಯಾಗ ಎತ್ತು
ಒಂದ ಹರದಾರಿ ಡಾಕ್ಟರನ ಮನಿಯವ್ವ
ಹೆಣ್ಣಲ್ಲೇನಂತ ಹೊದ್ದು ಮಲಗ್ಯಾನ

ಮಗ ಮೊದಲು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಇಲ್ಲಿಗೆ ಬಂದಾಗ ಕೈ ನಿಂತಿತು. ಈ ಪಕ್ಕದಲ್ಲಿದ್ದ ಬೆಂಗಳೂರಿನ ಹೆಂಗಸು ಬಗ್ಗಿ, "ಎಷ್ಟು ಚೆನ್ನಾಗಿದೆ ಆಂಟಿ, ನಮ್ಮ ಜಾನಪದ!" ಅಂದಳು. ಹಾಲ್ ತುಂಬ ಚಪ್ಪಾಳೆ.

ಸ್ಟೇಜಿನ ಹಿಂದೆ ಹೋಗಿ ಮೊಮ್ಮಗಳನ್ನು ಹಿಡಿದೆ. "ಮಾತು ಕೊಟ್ಟಿದ್ದಿಯಲ್ಲ?"

"ಒಂದಕ್ಷರ ಬದಲಿ ಮಾಡಿಲ್ಲ ಆಯಿ! ನಮ್ಮ ಬೆಸ್ಟ್ ಹಾಡು ಅದು. ಹಳೇ ಹಾಡು ಅಂದ್ರ ಎಲ್ಲಾರ್ದು, ಯಾರೊಬ್ಬರದೂ ಅಲ್ಲ."

"ಎಲ್ಲಾರು ಎಲ್ಲಿದ್ರು ಅವತ್ತು? ಕೂಸನ್ನ ತೊಡಿಮ್ಯಾಲ ಹಾಕ್ಕೊಂಡು ಕೂತಾಕಿ ನಾನೊಬ್ಬಾಕಿ."

ಅವಳ ಮುಖ ಸಣ್ಣದಾಯಿತು. ಆಗಲಿ ಎಂದುಕೊಂಡೆ. ಗೊತ್ತಿಲ್ಲದೆ ಹಾಡಿದ್ದರೆ ಬಿಡುತ್ತಿದ್ದೆ. ಎಲ್ಲ ಗೊತ್ತಿದ್ದೂ ಹಾಡಿದಳು.

ಸೊಸೆ ಮೊಮ್ಮಗಳ ಜೊತೆ ಹಿಂದೆ ಉಳಿದಳು. ಕಾರಿನಲ್ಲಿ ಮಗ, ನಾನು ಇಬ್ಬರೇ. ಕೆಂಪು ದೀಪಕ್ಕೆ ನಿಂತಾಗ ಕೇಳಿದ.

"ಅವ್ವಾ, ಬಂಡಿ ಇತ್ತೇನು?"

"ಇತ್ತು."

"ಡಾಕ್ಟರ್?"

"ಅವನೂ ಇದ್ದ."

ಹಸಿರು ಬಿತ್ತು. ಇವನು ಕಾರು ಬಿಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

"ಇಷ್ಟು ವರ್ಷ ನೀನೂ ಹೇಳಲಿಲ್ಲಲ್ಲ," ಅಂದ. ಅವನಿಗೆ ನಾನೂ ಮೋಸಗಾರ್ತಿಯಾಗಿ ಕಂಡೆ. ಅದು ಸುಳ್ಳೇನಲ್ಲ.

ಆಮೇಲೊಮ್ಮೆ ಮೊಮ್ಮಗಳು ಇನ್ನೊಂದು ಹಾಡು ಕೇಳಿಕೊಂಡು ಬಂದಿದ್ದಳು. ಮರೆತಿದೆ ಎಂದೆ. ಹನ್ನೊಂದು ನೆನಪಿವೆ. ಅವಳ ಅಜ್ಜನ ಫೋಟೊ ಗೋಡೆಯ ಮೇಲೆ ಇದ್ದಲ್ಲೇ ಇದೆ.

ಮೊನ್ನೆ ಮೈಸೂರಿನ ಕಡೆಯ ಹೊಸ ಡಾಕ್ಟರ್ ಒಬ್ಬರು ಊಟಕ್ಕೆ ಬಂದಿದ್ದರು. "ನೀವು ಯಾಕ್ ಸಾರ್ ಮೆಡಿಕಲ್ ತಗೊಂಡ್ರಿ?" ಎಂದು ಕೇಳಿದರು. ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದೆ.

"ಮಾರ್ಕ್ಸ್ ಬಂದಿದ್ವು," ಅಂದ ಮಗ.