ಆರು ಚಾಪೆಯ ಮನೆ

ಕೊಯಮತ್ತೂರಿನಲ್ಲಿ ನಮಗೆ ವಾಸ್ತುಶಿಲ್ಪ ಕಲಿಸಿದ ಮೈಸೂರಿನ ಮೇಡಂ ಮೂವತ್ತು ವರ್ಷ ಜಪಾನಿನ ಮನೆಗಳನ್ನೇ ಅಧ್ಯಯನ ಮಾಡಿದವರು. ಯಾವ ಕಟ್ಟಡಕ್ಕೆ ಹೋದರೂ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುತ್ತಿದ್ದರು. “ಮೊದಲು ಕೂತು ನೋಡಿ” ಎನ್ನುವುದು ಅವರ ಮಾತು.

ಊರಿನ ಹತ್ತಿರದ ಸಿರುಮುಗೈಯಲ್ಲಿರುವ ನಮ್ಮ ನೇಕಾರರ ಮನೆಯನ್ನು ಅಳೆಯಲು ಬಂದಾಗಲೂ ಕೂತರು. ಜಪಾನಿನಲ್ಲಿ ಕೋಣೆಯನ್ನು ಚಾಪೆಯ ಲೆಕ್ಕದಲ್ಲಿ ಅಳೆಯುತ್ತಾರೆಂದು ನನ್ನ ಅಜ್ಜಿಗೆ ವಿವರಿಸಿದರು.

“ಇದ್ರಲ್ಲಿ ಏನಮ್ಮಾ ಅದಿಶಯ? ಇದೂ ಆರು ಚಾಪೆ ಮನೆ ತಾನೆ. ಕಲ್ಯಾಣಕ್ಕೆ ನೆಂಟ್ರು ಬಂದಾಗ ಏಳ್ನೇದು ಹಾಸಿದ್ರೆ ಕದ ಮುಚ್ಚಕ್ಕಾಗಲ್ಲ,” ಎಂದಳು ಅಜ್ಜಿ.

ಮೇಡಂ ಅಳತೆಯ ಟೇಪು ಬದಿಗಿಟ್ಟು ಚಾಪೆಗಳನ್ನು ತರಿಸಿದರು. ಆರು ಚಾಪೆ ಗೋಡೆಯಿಂದ ಗೋಡೆಗೆ ಸರಿಯಾಗಿ ಹಿಡಿದವು. ನಗುತ್ತ ಆರನೆಯದರ ಮೇಲೆ ಉದ್ದಕ್ಕೆ ಮಲಗಿದವರು ಪಕ್ಕದ ಮನೆಯ ಮಗ್ಗದ ಸದ್ದಿನಲ್ಲೇ ನಿದ್ದೆ ಹೋದರು.

ಮರುವಾರದಿಂದ ತರಗತಿಯಲ್ಲಿ ಅವರ ಮಾತು ಬದಲಾಯಿತು: “ಮೊದಲು ಮಲಗಿ ನೋಡಿ.”