ಮಾವನವರು ನಗಲು ಹೋದ ಉದ್ಯಾನ

ಅತ್ತೆಯವರ ಎದೆಯ ಗಡ್ಡೆಯನ್ನು ತೆಗೆದು ತಿಂಗಳಾದ ಮೇಲೆ ಡಾಕ್ಟರು ಇನ್ನು ಐದು ವಾರ ಕರೆಂಟು ಕೊಡಬೇಕು ಎಂದರು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಅಥಣಿ ಹತ್ತಿರದ ನಮ್ಮ ತೋಟದ ಮನೆಯಿಂದ ಕಾಗವಾಡ ದಾಟಿ ಗಡಿಯಾಚೆ, ಆಸ್ಪತ್ರೆಯಿದ್ದ ಮರಾಠಿ ನಗರಕ್ಕೆ ದಿನವೂ ಹೋಗಿ ಬರುವುದು ಅವರಿಂದ ಆಗುವಂತಿರಲಿಲ್ಲ. ಆಸ್ಪತ್ರೆಯ ಹಿಂದೆ, ಬಸದಿಯ ಧರ್ಮಶಾಲೆಯಲ್ಲಿ ಒಂದು ಕೋಣೆ ಸಿಕ್ಕಿತು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿಯ ಕಾಲವಾದ್ದರಿಂದ ನನ್ನ ಗಂಡ ಊರಲ್ಲೇ ಉಳಿದರು. ನಾನು ಶಾಲೆಗೆ ರಜೆ ಹಾಕಿದೆ. ಮಾವನವರು ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಒಂದು ಚಾಟಣಿಯನ್ನೂ ತಪ್ಪಿಸಿದವರಲ್ಲ ಅವರು. ಹೊರಡುವ ದಿನ ಬೆಳಿಗ್ಗೆ ನೋಡಿದರೆ ಟೋಪಿ ಹಾಕಿಕೊಂಡು ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದರು.

ಮಾವನದು ಮಾತು ಕಡಿಮೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಅವರು ನಕ್ಕದ್ದನ್ನು ನೋಡಿರಲಿಲ್ಲ. ಸಿಡುಕರೇನಲ್ಲ. ಪಲ್ಯ ರುಚಿಯಾಗಿದ್ದರೆ ಇನ್ನೊಂದು ರೊಟ್ಟಿ ಕೇಳುವರು. ಅಷ್ಟರಿಂದಲೇ ನಾವು ತಿಳಿದುಕೊಳ್ಳಬೇಕು.

ಕರೆಂಟಿನ ಸರದಿ ಬೆಳಿಗ್ಗೆ ಏಳೂವರೆಗೆ. ಒಳಗೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ, ಅದು ನಾನು. ಮೊದಲೆರಡು ದಿನ ಮಾವ ಕೋಣೆಯ ಹೊರಗಿನ ಪಡಸಾಲೆಯ ಬಾಕಿನ ಮೇಲೆ ಕೂತರು. ಮೂರನೆಯ ದಿನ, ತಲೆಯಲ್ಲಿ ಒಂದೂ ಕೂದಲಿಲ್ಲದ ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಬಂದು ಅವರ ಪಕ್ಕ ಕೂತಳು. ಅವರ ಟೋಪಿಯನ್ನು ಮುಟ್ಟಿ ನೋಡಿ, ಕೊಡಿ ಎಂಬಂತೆ ಕೈ ಚಾಚಿದಳು. ಮಾವ ಟೋಪಿ ತೆಗೆದು ಅವಳ ತಲೆಯ ಮೇಲಿಟ್ಟರು. ಅದು ಅವಳ ಮೂಗಿನವರೆಗೆ ಇಳಿಯಿತು. ಅವಳು ತಿರುಗಿ ಕೊಟ್ಟ ಮೇಲೆ ಎದ್ದು ಹೊರಗೆ ಹೋದವರು ಮತ್ತೆ ಆ ಬಾಕಿನ ಮೇಲೆ ಕೂರಲಿಲ್ಲ.

ಆಸ್ಪತ್ರೆಯ ಎದುರಿಗೆ ಸಂಸ್ಥಾನದ ಕಾಲದ ಉದ್ಯಾನವೊಂದಿತ್ತು. ಕರಿಕಲ್ಲಿನ ದೊಡ್ಡ ಬಾಗಿಲು, ಒಳಗೆ ನಾಲ್ಕಾಳು ಅಪ್ಪಿದರೂ ಹಿಡಿಯದ ಮರಗಳು, ಪ್ರತಿ ಮರಕ್ಕೂ ಹೆಸರು ಬರೆದ ತಗಡು. ನಡುವೆ ಎಂಟು ಮೂಲೆಯ ಕಲ್ಲಿನ ಕಟ್ಟೆ. ಹಿಂದೆ ರಾಜರ ಬ್ಯಾಂಡಿನವರು ಸಂಜೆ ಅಲ್ಲಿ ನಿಂತು ಬಾರಿಸುತ್ತಿದ್ದರಂತೆ. ಈಗ ಅದರ ಮೇಲೆ ನಾಯಿಗಳು ಮಲಗುತ್ತಿದ್ದವು. ಮಾವ ದಿನಾ ಅಲ್ಲಿಗೆ ಹೋಗುತ್ತಾರೆ ಎಂದು ಗೊತ್ತಿತ್ತು. ಏನು ಮಾಡುತ್ತಾರೆ ಎಂದು ಗೊತ್ತಿರಲಿಲ್ಲ.

ಎರಡನೆಯ ವಾರದಲ್ಲಿ ಒಂದು ದಿನ ಸರದಿ ಬಹಳ ಉದ್ದವಿತ್ತು. ಒಂಬತ್ತಾದರೂ ಆಗುತ್ತದೆ ಎಂದರು. ಅತ್ತೆಯನ್ನು ನರ್ಸಮ್ಮನ ಹತ್ತಿರ ಕೂರಿಸಿ, ಮಾವನಿಗೆ ತಿಳಿಸಲು ಉದ್ಯಾನಕ್ಕೆ ಹೋದೆ. ಹುಲ್ಲಿನ ಮೇಲೆ ಹದಿನೈದಿಪ್ಪತ್ತು ವಯಸ್ಸಾದ ಗಂಡಸರು, ಹೆಂಗಸರು ದುಂಡಗೆ ನಿಂತಿದ್ದರು. ನಡುವೆ ಒಬ್ಬರು ಸೀಟಿ ಊದಿದರು. ಎಲ್ಲರೂ ಕೈ ಮೇಲೆತ್ತಿ ಹೋ ಹೋ ಹಾ ಹಾ ಎಂದು ನಗತೊಡಗಿದರು. ಅವರಿಂದ ಹತ್ತು ಹೆಜ್ಜೆ ದೂರ, ಕಲ್ಲುಹಾಸಿನ ಮೇಲೆ ಒಬ್ಬರೇ ನಿಂತು ಮಾವನವರೂ ಕೈ ಎತ್ತಿದ್ದರು. ಬಾಯಿ ತೆರೆದಿತ್ತು. ದನಿ ಇರಲಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಹೆಂಡತಿ ಅಲ್ಲಿ ಯಂತ್ರದ ಕೆಳಗೆ ಮಲಗಲು ಕಾಯುತ್ತಿರುವಾಗ ಇವರು ಇಲ್ಲಿ ನಗಲು ಬಂದಿದ್ದಾರೆ ಅನಿಸಿತು. ಮಾತಾಡಿಸದೆ ತಿರುಗಿ ಬಂದೆ.

"ಎಲ್ಲಿ ನಿಮ್ಮ ಮಾವ?" ಎಂದರು ಅತ್ತೆ.

"ಬಸದಿಗೆ ಹೋಗ್ಯಾರ್ರಿ."

ಅವರು ನನ್ನ ಮುಖವನ್ನೇ ನೋಡಿ, ಆಸ್ಪತ್ರೆಯ ಫೈಲನ್ನು ಮಡಿಲಿಗೆ ಎಳೆದುಕೊಂಡರು.

ಸಂಜೆ ಮಾವ ನಲ್ಲಿಯ ಬಳಿ ನೀರು ಸೋಸಿ ಬಿಂದಿಗೆ ತುಂಬುತ್ತಿದ್ದರು. ತಡೆಯಲಾಗದೆ ಕೇಳಿದೆ, "ತ್ವಾಟದಾಗ ನಗಾಕ ಹೋಗ್ತೀರೇನ್ರಿ ಮಾವಾರ?"

ಅವರು ಸೋಸುವುದನ್ನು ನಿಲ್ಲಿಸಲಿಲ್ಲ. "ಒಳಗ ಕೂತ್ರ ಉಸಿರು ಕಟ್ಟಿಧಂಗ ಆಕ್ಕೈತಿ ಯವ್ವಾ. ಅವರು ಬರ್ರಿ ಅಂದ್ರು, ಹೋದೆ. ನಗೂದು ನನಗೆಲ್ಲಿ ಬರತೈತಿ? ಕೈ ಅಷ್ಟ ಎತ್ತತೇನಿ."

"ಮತ್ತ ಅಷ್ಟ್ ದೂರ ಯಾಕ ನಿಂದರ್ತೀರಿ?"

"ಚಾತುರ್ಮಾಸ ಐತಿ. ಹುಲ್ಲು ತುಳಿಯಾಕ ಬರೂದಿಲ್ಲಲಾ."

ಅದು ನನಗೆ ಹೊಳೆದಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಹುಲ್ಲಿನಲ್ಲಿ ಸಣ್ಣ ಜೀವಗಳಿರುತ್ತವೆಂದು ಮಾವ ತಮ್ಮ ಹೊಲದ ಬದುವಿನ ಮೇಲೂ ನೋಡಿ ನೋಡಿ ಕಾಲಿಡುವವರು. ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾದೀತು.

ಮುಂದೆ ನಡೆದದ್ದನ್ನು ನಾನು ಧರ್ಮಶಾಲೆಯ ಅಡುಗೆಯಾಕೆಯಿಂದ ಕೇಳಿದೆ. ಆಕೆಯೂ ಆ ನಗೆಕೂಟಕ್ಕೆ ಹೋಗುತ್ತಿದ್ದಳು. ಸೀಟಿ ಊದುವವರು ನಿವೃತ್ತ ಬಸ್ ಕಂಡಕ್ಟರರು. ಒಂದು ದಿನ ಅವರು ಮಾವನ ಹತ್ತಿರ ಬಂದು, ಪಾಹುಣೇ, ಅಂದರೆ ನೆಂಟರೇ, ನಮ್ಮಿಂದ ಏನಾದರೂ ತಪ್ಪಾಯಿತೇ, ಯಾಕೆ ದೂರ ನಿಲ್ಲುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಮಾವ ಕಾರಣ ಹೇಳಿದರು. ಕಂಡಕ್ಟರರು ಸುತ್ತಲೂ ಕಣ್ಣಾಡಿಸಿ, ಸೀಟಿ ಊದಿ, ಬಸ್ಸಿನಲ್ಲಿ ಮುಂದೆ ನಡೆಯಿರಿ ಎನ್ನುವಂತೆಯೇ "ಚಲಾ, ಪುಢೇ ಚಲಾ" ಎಂದು ಇಡೀ ಕೂಟವನ್ನು ಕಲ್ಲಿನ ಕಟ್ಟೆಗೆ ಸಾಗಿಸಿದರು. ನಾಯಿಗಳು ಎದ್ದು ಹೋದವು. ಮೊಣಕಾಲು ನೋವಿನ ಒಬ್ಬ ಹೆಂಗಸು, ಕರ್ನಾಟಕದಿಂದ ಬಂದ ಒಬ್ಬರಿಗಾಗಿ ನಾನು ಮೆಟ್ಟಿಲು ಹತ್ತಬೇಕೇ ಎಂದು ಗೊಣಗಿದರಂತೆ. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತೇ ನಗಲು ಒಪ್ಪಿಕೊಂಡರು.

ಇದನ್ನೆಲ್ಲ ಅಡುಗೆಯಾಕೆ ನನಗೊಬ್ಬಳಿಗೇ ಹೇಳಿರಲಿಲ್ಲ. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದರು. ಕರೆಂಟಿನಿಂದ ಅವರ ಎದೆಯ ಚರ್ಮ ಕಪ್ಪಾಗಿ ಸುಲಿದಿತ್ತು. ಬಟ್ಟೆ ತಾಗದಂತೆ ಸೆರಗನ್ನು ಎತ್ತಿ ಹಿಡಿದುಕೊಂಡೇ ಇರುತ್ತಿದ್ದರು.

"ಬಸದಿ ಯಾವಾಗಿಂದ ತ್ವಾಟದಾಗ ಐತಿ?" ಎಂದರು.

ನಾನು ತಲೆ ತಗ್ಗಿಸಿದೆ.

"ನಾಳೆ ನನ್ನ ಕರಕೊಂಡ್ ಹೋಗು. ಅವರಿಗೆ ಹೇಳಬ್ಯಾಡ."

ಮರುದಿನ ಕರೆಂಟು ಬೇಗ ಮುಗಿಯಿತು. ರಸ್ತೆ ದಾಟಿ, ಕಲ್ಲಿನ ಬಾಗಿಲಿನಿಂದ ಕಟ್ಟೆಯವರೆಗೆ ಹೋಗಲು ನಮಗೆ ಕಾಲು ಗಂಟೆ ಹಿಡಿಯಿತು. ಅತ್ತೆ ದಾರಿಯಲ್ಲಿ ಎರಡು ಸಲ ಕೂತು ಎದ್ದರು. ಕಟ್ಟೆಯ ಎದುರಿನ ಕಬ್ಬಿಣದ ಬೆಂಚಿನ ಮೇಲೆ ಅವರನ್ನು ಕೂರಿಸಿದೆ. ಮಾವ ನಮಗೆ ಬೆನ್ನಾಗಿದ್ದರು. ಸೀಟಿ ಆಯಿತು, ಎಲ್ಲರೂ ಕೈ ಎತ್ತಿ ಒಂದು ಸುತ್ತು ತಿರುಗಿದರು. ತಿರುಗಿದ ಮಾವ ಅತ್ತೆಯನ್ನು ಕಂಡು ಕೈ ಮೇಲೆಯೇ ಬಿಟ್ಟು ನಿಂತರು.

ಇವರು ಯಾರು ಎಂದು ಕಂಡಕ್ಟರರು ಕೇಳಿದರು.

"ಆಮಚೀ ಮಂಡಳಿ," ಎಂದರು ಮಾವ. ನಮ್ಮ ಮನೆಯವರು ಎಂದು.

ಅತ್ತೆಯ ಮಡಿಲಲ್ಲಿದ್ದ ಆಸ್ಪತ್ರೆಯ ಫೈಲು ಎಲ್ಲರಿಗೂ ಕಾಣುತ್ತಿತ್ತು. ನಗು ನಿಂತಿತು.

"ಯಾಕ ನಿಂತ್ರಿ? ನಡೀಲಿ," ಎಂದರು ಅತ್ತೆ ಗಟ್ಟಿಯಾಗಿ. "ಲಗ್ನಾಗಿ ನಲವತ್ತು ವರ್ಷ ಆತು, ನಾನೂ ಒಮ್ಮೆ ನೋಡತೇನಿ."

ಕಂಡಕ್ಟರರು ಮತ್ತೆ ಸೀಟಿ ಊದಿದರು. ಮಾವ ಕೈ ಎತ್ತಿದರು. ಅವರ ಗಂಟಲಿನಿಂದ ಕಫ ಕೆರೆದಂಥ ಸದ್ದು ಎರಡು ಸಲ ಬಂತು, ಮೂರನೆಯದು ಬರಲಿಲ್ಲ. ಅವರು ಮೆಟ್ಟಿಲಿಳಿದು ಬಂದು ಬೆಂಚಿನ ತುದಿಗೆ ಕೂತರು.

"ಇಷ್ಟ್ ದೂರ ಯಾಕ ನಡಕೋತ ಬಂದಿ?"

"ನೋಡಾಕ."

"ನೋಡಿದ್ಯಾ?"

"ನೋಡಿದ್ನಿ. ನಿಮಗ ಬರೂದಿಲ್ಲ ಬಿಡ್ರಿ."

ಆಗ ಮಾವ ನಕ್ಕರು. ಸಣ್ಣದಾಗಿ ಶುರುವಾಗಿ, ಭುಜ ಕುಣಿಯುವವರೆಗೆ ಹೋಯಿತು. ಮುಂದಿನ ಹಲ್ಲೊಂದು ಇಲ್ಲದ್ದು ನನಗೆ ಆವತ್ತೇ ಗೊತ್ತಾದದ್ದು. ಅತ್ತೆಗೂ ನಗು ಬಂತು. ನಕ್ಕರೆ ಗಾಯ ಎಳೆಯುತ್ತಿತ್ತು; ಅಯ್ಯಯ್ಯೋ ಎನ್ನುತ್ತ, ಸೆರಗು ಹಿಡಿದುಕೊಂಡು ನಕ್ಕರು. ನಾನು ಅವರಿಬ್ಬರಿಗೆ ನೀರು ತರುವ ನೆಪದಲ್ಲಿ ಅಲ್ಲಿಂದ ಎದ್ದೆ.

ಮೂರು ತಿಂಗಳ ಮೇಲೆ ತಪಾಸಣೆಗೆ ಹೋದಾಗ ಡಾಕ್ಟರು ಸದ್ಯಕ್ಕೆ ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಹೊರಗೆ ಬಂದಾಗ ಮಧ್ಯಾಹ್ನ. ಉದ್ಯಾನದಲ್ಲಿ ನಗೆಕೂಟದವರು ಯಾರೂ ಇರಲಿಲ್ಲ. ಮರದ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಮಾವ ತಗಡಿನ ಮೇಲಿನ ಮರದ ಹೆಸರನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಇದು ನಮ್ಮ ಕಡೆ ಇಲ್ಲ ಎಂದರು. ಅತ್ತೆ, ಐತಿ, ಕೃಷ್ಣಾ ಹೊಳಿ ದಂಡಿಗೆ ಐತಿ ಎಂದರು. ಅದರ ಬಗ್ಗೆ ಇಬ್ಬರೂ ಗಾಡಿಯಲ್ಲಿ ಕಾಗವಾಡದವರೆಗೆ ವಾದ ಮಾಡಿದರು.