ದಾನಿಯ ಸಂದರ್ಶನ

ಕುಷ್ಟಗಿಯಲ್ಲಿ ಶೇಂಗಾ, ತೊಗರಿಯ ದಲಾಲಿ ಅಂಗಡಿ ಇಟ್ಟಿರುವ ಗವಿಸಿದ್ದಪ್ಪನನ್ನು ಅವನ ಹೆಂಡತಿ ಕಳಕಮ್ಮ ಎಂದೂ ಬೈದವಳಲ್ಲ. ಬೈಯುವಷ್ಟು ದೊಡ್ಡ ಮನುಷ್ಯ ಅಂತ ಅವಳಿಗೆ ಅನ್ನಿಸಿರಲಿಲ್ಲ. ಹೇಳಿದ್ದಕ್ಕೆ ಹೂಂ ಅಂದು, ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕಿ, ಒಳಗೊಳಗೇ ಅವನನ್ನು ಕಾಲಕಸ ಮಾಡಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದ್ದಳು.

ಜೂನ್ ಬಂತೆಂದರೆ ಆ ತಾತ್ಸಾರ ಗಂಟಲಿನವರೆಗೂ ಬರುತ್ತಿತ್ತು. ಅವಳ ತವರು ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿ. ಸಾಲಿ ಮಾಸ್ತರನಾಗಿದ್ದ ಅವಳಪ್ಪ ಸಾಯುವ ಮುಂಚೆ ಒಂದು ಹೊಲ ಮಾರಿ, ಇತಿಹಾಸ, ಸಮಾಜಶಾಸ್ತ್ರದಲ್ಲಿ ಎಂ.ಎ. ಓದುವ ಮಕ್ಕಳಿಗೆಂದು ಟ್ರಸ್ಟ್ ಮಾಡಿಟ್ಟಿದ್ದ. "ಇಂಜಿನಿಯರಿಂಗಿಗೆ ಬ್ಯಾಂಕಿನವರು ಕರದು ಸಾಲ ಕೊಡ್ತಾರ. ಈ ಮಕ್ಕಳನ್ನ ಯಾರು ಕೇಳ್ತಾರ?" ಅನ್ನುತ್ತಿದ್ದ. ಚೆಕ್ಕಿಗೆ ಮಗಳು, ಅಳಿಯ ಇಬ್ಬರ ಸಹಿಯೂ ಬೇಕು. ದುಡ್ಡು ಮಾವನದು; ದಾನಿ ಮಾತ್ರ ಅಳಿಯನಾದ.

ಅರ್ಜಿ ಹಾಕಿದವರನ್ನು ಗವಿಸಿದ್ದಪ್ಪ ಜೂನಿನಲ್ಲಿ ಮನೆಗೇ ಕರೆಸುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂರುವನು. ಒಂದು ಕಾಲಕ್ಕೆ ಅವನೂ ಧಾರವಾಡದಲ್ಲಿ ಇತಿಹಾಸದ ಎಂ.ಎ.ಗೆ ಸೇರಿ, ಮೊದಲ ವರ್ಷವೇ ನಪಾಸಾಗಿ ಅಂಗಡಿಗೆ ಮರಳಿದ್ದ. ಆ ಓದಿನಿಂದ ತಲೆಯಲ್ಲಿ ಉಳಿದದ್ದು ಒಂದೇ ಸಂಗತಿ. ಪ್ರತಿ ವರ್ಷ ಅದನ್ನೇ ಕೇಳುತ್ತಿದ್ದ.

"ರಕ್ಕಸತಂಗಡಗಿ ಯುದ್ಧ ಆಗಿದ್ದು ಯಾವ ಇಸವಿ?"

ಇಸವಿ ಹೇಳಿದರೆ "ತಾರೀಖು?" ಅನ್ನುವನು. ಹುಡುಗರು ತಡವರಿಸಿದರೆ ಕಣ್ಣು ಮುಚ್ಚಿ ತಾನೇ ಹೇಳಿ, "ಇಷ್ಟು ಗೊತ್ತಿಲ್ಲದ ಎಂ.ಎ. ಓದಾಕ ಹೊಂಟೀಯಲ್ಲಪಾ" ಎಂದು ನಗುವನು. ಒಳಗೆ ಚಹಾ ಸೋಸುವ ಕಳಕಮ್ಮನಿಗೂ ಆ ತಾರೀಖು ಬಾಯಿಪಾಠವಾಗಿತ್ತು.

ಬರುವ ಹುಡುಗರ ಮೇಲೂ ಅವಳಿಗೆ ಮರ್ಯಾದೆ ಇರಲಿಲ್ಲ. ಹಿಂದಿನ ಸಲ ಹಣ ಪಡೆದವರನ್ನು ಕೇಳಿಕೊಂಡೇ ಬರುತ್ತಿದ್ದರು. ಕಾಲಿಗೆ ಬೀಳಬೇಕು, ತಾರೀಖು ಗೊತ್ತಿದ್ದರೂ ಗೊತ್ತಿಲ್ಲವೆನ್ನಬೇಕು, ಆಮೇಲೆ ಅಬ್ಬಾ ಎಂಬಂತೆ ಬಾಯಿ ತೆರೆಯಬೇಕು. ಒಂದು ವರ್ಷ ಬಂದ ಪ್ರಭುರಾಜನೆಂಬ ಹುಡುಗ ಬಿದ್ದವನು ಬೇಗ ಏಳಲೇ ಇಲ್ಲ. ಅವನಪ್ಪನಿಗೆ ಗಂಗಾವತಿಯಲ್ಲಿ ಎರಡು ಬಟ್ಟೆ ಅಂಗಡಿ ಇದ್ದವು.

ಅವನ ಹಿಂದೆ ಬಂದವಳು ವಿರೂಪಾಪುರಗಡ್ಡೆಯ ದೀಪಿಕಾ. ಅವಳ ತಾಯಿ ಗಾಳೆಮ್ಮ ಮೊದಲು ರೆಸಾರ್ಟಿನಲ್ಲಿ ಚಾದರ ಒಗೆಯುತ್ತಿದ್ದವಳು. ಸರ್ಕಾರ ರೆಸಾರ್ಟುಗಳನ್ನು ಕೆಡವಿಸಿದ ಮೇಲೆ ಭತ್ತದ ನಾಟಿಗೆ ಹೋಗುತ್ತಿದ್ದಳು. ದೀಪಿಕಾಗೆ ಹೈದರಾಬಾದಿನಲ್ಲಿ ಸಮಾಜಶಾಸ್ತ್ರದ ಸೀಟು ಸಿಕ್ಕಿತ್ತು. ಸರ್ಕಾರದ ಸ್ಕಾಲರ್‌ಶಿಪ್ ಕೈಗೆ ಬರುವಷ್ಟರಲ್ಲಿ ವರ್ಷ ಮುಗಿದಿರುತ್ತದೆ, ಅಲ್ಲಿಯವರೆಗೆ ಹಾಸ್ಟೆಲಿನವರು ಕಾಯುವುದಿಲ್ಲ. ಅವಳು ನಿಂತಲ್ಲೇ ಕೈಮುಗಿದು ಕುರ್ಚಿಯ ಮೇಲೆ ಕೂತಳು. ಗವಿಸಿದ್ದಪ್ಪ ತನ್ನ ಕಾಲನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತಾರೀಖು ಕೇಳಿದ.

"ಗೊತ್ತಿಲ್ರಿ ಸರ್. ಬೇಕಂದ್ರ ಈಗ ಫೋನಿನ್ಯಾಗ ನೋಡಿ ಹೇಳ್ತೀನಿ."

"ಫೋನಿನ್ಯಾಗ ನೋಡೂದಾದ್ರ ಓದೂದು ಯಾಕ?"

"ಫೋನಿನ್ಯಾಗ ಇಲ್ಲದ್ದನ್ನ ಓದಾಕ್ರಿ."

ಒಳಗೆ ಕಳಕಮ್ಮ ಚಹಾ ಸೋಸುವುದನ್ನು ನಿಲ್ಲಿಸಿದಳು.

"ನೋಡವಾ, ಸಮಾಜಶಾಸ್ತ್ರ ಓದಿ ಯಾರೂ ಉದ್ಧಾರ ಆಗಿಲ್ಲ. ಬಿ.ಎಡ್. ಮಾಡು. ಛಲೋ ಮನಿ ನೋಡಿ ನಿಮ್ಮವ್ವ ಲಗ್ನ ಮಾಡ್ತಾಳ."

"ನಾ ಓದಿನ ರೊಕ್ಕ ಕೇಳಾಕ ಬಂದೀನ್ರಿ ಸರ್. ಲಗ್ನದ ಮಾತಿಗೆ ಬಂದಿಲ್ಲ" ಎಂದ ಹುಡುಗಿ ಕೊಟ್ಟ ಚಹಾ ಕುಡಿದು ಹೋದಳು.

ಸಂಜೆ ಗವಿಸಿದ್ದಪ್ಪ ಪ್ರಭುರಾಜನ ಹೆಸರಿನ ಚೆಕ್ಕು ತಂದು ಹೆಂಡತಿಯ ಮುಂದಿಟ್ಟ. ಇಷ್ಟು ವರ್ಷ ಅವಳು ಹಿಟ್ಟಿನ ಕೈ ಒರೆಸಿಕೊಂಡು, ಓದದೆಯೇ ಸಹಿ ಹಾಕಿದವಳು. ಈ ಸಲ ಓದಿದಳು.

"ಇವರಪ್ಪಗ ಎರಡು ಅಂಗಡಿ ಅದಾವಲ್ರಿ."

"ಹುಡುಗಗ ಸಂಸ್ಕಾರ ಐತಿ."

"ಕಾಲಿಗೆ ಬಿದ್ದಾನ, ಅಷ್ಟ. ಆ ಹುಡುಗಿ ಹೆಸರಿಲೆ ಬರಕೊಂಡು ಬರ್ರಿ, ಸಹಿ ಮಾಡ್ತೀನಿ."

"ಇದರಾಗ ನಿನಗೇನು ತಿಳಿತೈತಿ?"

"ತಾರೀಖು ಗೊತ್ತೈತಿ. ಜನವರಿ ಇಪ್ಪತ್ಮೂರು."

ಚೆಕ್ಕು ಕೆಲವು ದಿನ ದೇವರ ಜಗಲಿಯ ಮೇಲೆ ಬಿದ್ದಿತ್ತು. ಅವಳು ಅಡುಗೆ ಬಿಡಲಿಲ್ಲ, ಮಾತೂ ಬೆಳೆಸಲಿಲ್ಲ. ಚೆಕ್ಕು ಕೊಡುವ ಸಮಾರಂಭ ಹತ್ತಿರ ಬಂದು, ಬ್ಯಾನರಿಗೆ ಹೆಸರು ಬೇಕಾಗಿತ್ತು. ಕಡೆಗೆ ಗವಿಸಿದ್ದಪ್ಪನೇ ಹೊಸ ಚೆಕ್ಕು ಬರೆದ. ಬ್ಯಾನರಿನಲ್ಲಿ ಅವನ ಮುಖ ಬಾಗಿಲಿನಷ್ಟಿತ್ತು, ದೀಪಿಕಾಳದು ಅಂಗೈಯಷ್ಟು. ಅವಳಿಗೆ ಶಾಲು ಹೊದಿಸಿ, "ಮುಖ ನೋಡಿದ ಕೂಡಲೇ ಈಕಿ ಪ್ರತಿಭೆ ನನಗ ಗೊತ್ತಾತು" ಎಂದು ಮೈಕಿನಲ್ಲಿ ಹೇಳಿದ. ಕಳಕಮ್ಮ ಹೆಂಗಸರ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದಳು.

ಎಂ.ಎ. ಮುಗಿಯುವ ವರ್ಷ ದೀಪಿಕಾ ಮತ್ತೆ ಬಂದಳು. ಕಿರುಪ್ರಬಂಧ ಬರೆಯಬೇಕಿತ್ತು. ಈ ಕಡೆಯ ಊರುಗಳಲ್ಲಿ ಓದುವ ಮಕ್ಕಳಿಗೆ ಹಣ ಕೊಡುವವರು ಯಾರು, ಯಾಕೆ ಕೊಡುತ್ತಾರೆ, ಬದಲಿಗೆ ಏನು ಪಡೆಯುತ್ತಾರೆ ಎಂಬುದೇ ವಿಷಯ. ಗವಿಸಿದ್ದಪ್ಪನಿಗೆ ಕೇಳಿಸಿದ್ದು ತನ್ನ ಬಗ್ಗೆ ಪುಸ್ತಕವಾಗುತ್ತದೆ ಎಂಬುದಷ್ಟೇ. ಬಿಳಿ ಅಂಗಿ ತೊಟ್ಟು ಬಂದು ಕೂತ. ದೀಪಿಕಾ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ನಡುವೆ ಇಟ್ಟಳು.

"ಆಯ್ಕೆ ಹೆಂಗ ಮಾಡ್ತೀರಿ ಸರ್?"

"ಮುಖ ನೋಡಿದ್ರ ಗೊತ್ತಾಗತೈತಿ."

"ಕಾಲಿಗೆ ಬೀಳೂದು?"

"ನಾ ಯಾರಿಗೂ ಬೀಳು ಅಂದಿಲ್ಲ. ಬಿದ್ರ ಬ್ಯಾಡ ಅನ್ನಂಗಿಲ್ಲ. ಬೀಳದವರಿಗೆ ಮುಂದ ಜೀವನದಾಗ ತ್ರಾಸ ಆಗತೈತಿ. ಅದನ್ನೂ ಬರಕೋ."

ಒಂದು ಮಾತನ್ನೂ ತಿದ್ದದೆ ಅವಳು ಬರೆದುಕೊಂಡಳು. ಒಳಗಿದ್ದ ಕಳಕಮ್ಮನಿಗೆ ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ನಗು ಬಂತು. ಬಾಯಿಗೆ ಸೆರಗು ಅದುಮಿಕೊಂಡಳು. ಕೊನೆಗೆ ಗವಿಸಿದ್ದಪ್ಪ, ಹೆಸರು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರುತ್ತದೋ ಹೇಗೆ ಎಂದು ಕೇಳಿದ.

"ಹೆಸರು ಹಾಕಂಗಿಲ್ರಿ ಸರ್. ಸಂಶೋಧನೆದಾಗ ಎಲ್ಲಾರ ಹೆಸರೂ ಬದಲಿ ಮಾಡ್ತೀವಿ. ಮೊದಲ ಹೇಳಿದ್ನಲ್ರಿ."

"ಹೆಸರು ಹಾಕಂಗಿಲ್ಲಂದ್ರ ನಾ ಇಷ್ಟೊತ್ತು ಮಾತಾಡಿದ್ದು ಯಾಕ?" ಎಂದು ಅವನು ಅಂಗಡಿಗೆ ಎದ್ದು ಹೋದ.

ದೀಪಿಕಾ ಫೋನು ತೆಗೆದುಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾರ, ನಿಮ್ಮನ್ನೂ ಒಂದೆರಡು ಕೇಳ್ಲೇನ್ರಿ? ಚೆಕ್ಕಿಗೆ ನಿಮ್ಮದೂ ಸಹಿ ಇತ್ತಲ್ರಿ. ನನಗ ಯಾಕ ಕೊಟ್ರಿ?"

ಕಳಕಮ್ಮ ಅಪ್ಪನ ಹೆಸರು ಹೇಳಬೇಕೆಂದಿದ್ದಳು. ಬಾಯಿಗೆ ಬೇರೆಯೇ ಬಂತು. "ಅವರ ಮುಂದ ನೀ ಎದುರು ಮಾತಾಡಿದಿ, ಅವರ ಮಾರಿ ಸಣ್ಣಾತು. ಅದನ್ನ ಕೇಳಿ ಭಾಳ ಖುಷಿ ಆತು ನನಗ. ನೀ ಏನು ಓದ್ತಿ, ಎಲ್ಲಿ ಓದ್ತಿ, ಆವತ್ತು ನಾ ಲಕ್ಷ್ಯನೂ ಕೊಟ್ಟಿದ್ದಿಲ್ಲ."

ಹುಡುಗಿ ಕಣ್ಣು ಮಿಟುಕಿಸದೆ ಅದನ್ನೂ ಬರೆದುಕೊಂಡಳು. ಗಂಡನ ಮಾತು ಬರೆದುಕೊಂಡದ್ದೂ ಹೀಗೆಯೇ ಇರಬೇಕು ಅನ್ನಿಸಿ ಕಳಕಮ್ಮನ ಮುಖ ಬಿಸಿಯಾಯಿತು. ಸಿಟ್ಟು ಬಂತು. ಸಿಟ್ಟು ಮಾಡಲು ಕಾರಣ ಹುಡುಕಿದರೆ ಒಂದೂ ಸಿಗಲಿಲ್ಲ. ರೊಟ್ಟಿ ಹಾಕಿದಳು. ದೀಪಿಕಾ ಉಂಡು, ತಾಟು ತೊಳೆದಿಟ್ಟು ಗಂಗಾವತಿ ಬಸ್ಸಿಗೆ ಹೋದಳು.

ಸಂಜೆ ಅಂಗಡಿಯಿಂದ ಬಂದ ಗವಿಸಿದ್ದಪ್ಪ ಅಂಗಿ ಬಿಚ್ಚುತ್ತ, "ನಿನ್ನನ್ನೂ ಕೇಳಿದ್ಲೇನು? ಏನು ಹೇಳಿದಿ?" ಅಂದ.

"ಇದ್ದದ್ದು ಹೇಳೀನಿ."

ಅವನು ಅಂಗಿಯನ್ನು ಗೂಟಕ್ಕೆ ಹಾಕಿ, "ಹೇಳಿದ್ರ ಹೇಳು. ನಿನ್ನ ಹೆಸರೂ ಹಾಕಂಗಿಲ್ಲಂತ" ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಕೂತ.